ಉಪ್ಪು ತೊಳೆದ ನೀರು

ನನ್ನ ಉಪ್ಪಿಗೆ ಹೆಂಗಸರು ಕೊಡುತ್ತಿದ್ದ ಸರ್ಟಿಫಿಕೇಟು ಒಂದೇ ಒಂದು. "ನಿನ್ ಉಪ್ಪು ತೊಳುದ್ರೆ ಆ ನೀರ್ನಲ್ಲಿ ಮೊಕ ಕಾಣ್ತದೆ ಕಣಣ್ಣ." ಹದಿನಾರು ಎನ್ನುವ ಊರಿನಲ್ಲಿ, ಹೆಡತಲೆ ಊರಿನಲ್ಲಿ, ಮುಡುಕುತೊರೆ ಕಡೆ, ಲಗೇಜ್ ಆಟೋ ನಿಲ್ಲಿಸಿದ ಬೀದಿಯಲ್ಲೆಲ್ಲ ಈ ಮಾತು ಕೇಳಿದ್ದೇನೆ. ಬೇರೆಯವರ ಉಪ್ಪು ತೊಳೆದರೆ ನೀರು ಕೆರೆ ಬಗ್ಗಡದಂತೆ ಆಗುತ್ತದೆ, ಬಿದಿರ ಕುಕ್ಕೆಯ ತಳದಲ್ಲಿ ಮರಳು ಕೂರುತ್ತದೆ, ನಿನ್ನದು ಹಾಗಲ್ಲ ಎಂದು ಅವರು ಹೇಳುವಾಗ ನಾನು ತಕ್ಕಡಿಯ ಕಡೆ ನೋಡುತ್ತಾ ಕೇಳಿಸದವನಂತೆ ನಿಲ್ಲುತ್ತಿದ್ದೆ. ಒಳಗೆ ಮಾತ್ರ ಎದೆ ಒಂದು ಗೇಣು ಅಗಲವಾಗುತ್ತಿತ್ತು.

ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ನರಸೀಪುರದ ಸಂತೆಯಲ್ಲಿ ಮೂಟೆ ಹೊರಲು ನಿಂತೆ. ಬೆಲ್ಲದ ಮೂಟೆ ಬೆನ್ನಿಗೆ ಅಂಟುತ್ತದೆ, ಮೆಣಸಿನಕಾಯಿ ಮೂಟೆ ಸೀನಿಸುತ್ತದೆ. ಉಪ್ಪಿನ ಮೂಟೆಯಾದರೋ ಬೆವರಿನ ಜೊತೆ ಸೇರಿಕೊಂಡು ಕತ್ತಿನ ಚರ್ಮ ಸುಲಿಯುತ್ತದೆ. ಅದಕ್ಕೇ ಅದನ್ನು ಹೊರಲು ಯಾರೂ ಮುಂದೆ ಬರುತ್ತಿರಲಿಲ್ಲ. ನಾನು ಬಂದೆ. ಹೊತ್ತು ಹೊತ್ತು ಉಪ್ಪು ಯಾವುದು ಚೆನ್ನಾಗಿದೆ, ಯಾವುದು ನೀರು ಕುಡಿದಿದೆ, ಯಾವುದರಲ್ಲಿ ಮಣ್ಣಿದೆ ಎಂದು ಹೆಗಲಿಗೇ ಗೊತ್ತಾಗತೊಡಗಿತು. ಆಮೇಲೆ ಸೈಕಲ್ಲಿನ ಮೇಲೆ ಮಾರಿದೆ, ಮೊಪೆಡ್ಡಿನ ಮೇಲೆ ಮಾರಿದೆ. ಈಗ ಸ್ವಂತ ಲಗೇಜ್ ಆಟೋ ಇದೆ. ಮುಂದುಗಡೆ ಮೈಕು. ಅದರಲ್ಲಿ ಕೂಗುವುದು ನನ್ನದೇ ದನಿ, ಬೇರೆಯವರದ್ದು ಹಾಕಿಸಿಲ್ಲ. ತಮಿಳುನಾಡಿನ ಕಡಲ ಕಡೆಯಿಂದ ಲಾರಿಯಲ್ಲಿ ಬರುವ ಕಲ್ಲುಪ್ಪು, ಚೀಲದ ಮೇಲೆ ನಗುವ ಸೂರ್ಯನ ಗುರುತು. ಆ ಗುರುತಿದ್ದರೆ ಉಪ್ಪಿಗೆ ಅಯೋಡಿನ್ ಸೇರಿಸಿದ್ದಾರೆ ಎಂದು ಅರ್ಥ. ಅಯೋಡಿನ್ ಎಂದರೆ ಏನು, ಯಾರಿಗೆ ಎಷ್ಟು ಬೇಕು ಎಂದು ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಯಾರನ್ನೂ ಕೇಳಿರಲಿಲ್ಲ. ಸೂರ್ಯ ನಗುತ್ತಿದ್ದಾನೆ, ಸಾಕು ಎಂದುಕೊಂಡಿದ್ದೆ.

ಉಪ್ಪಿನ ವ್ಯಾಪಾರಕ್ಕೆ ಅದರದೇ ಮರ್ಯಾದೆ ಇದೆ. ಕೈಯಿಂದ ಕೈಗೆ ಉಪ್ಪು ಕೊಡುವ ಹಾಗಿಲ್ಲ, ಕೊಟ್ಟರೆ ಜಗಳ ಬರುತ್ತದೆ ಎನ್ನುತ್ತಾರೆ. ಆಕೆ ಕುಕ್ಕೆಯನ್ನು ನೆಲದ ಮೇಲೆ ಇಡಬೇಕು, ನಾನು ಸುರಿಯಬೇಕು, ಆಕೆಯೇ ಎತ್ತಿಕೊಳ್ಳಬೇಕು. ದೀಪ ಹಚ್ಚಿದ ಮೇಲೆ ಉಪ್ಪು ಎಂದು ಬಾಯಿಬಿಟ್ಟು ಯಾರೂ ಕೇಳುವುದಿಲ್ಲ, ಆದ್ದರಿಂದ ನನ್ನ ಮೈಕು ಹೊತ್ತು ಮುಳುಗುವ ಮುಂಚೆಯೇ ಬಾಯಿ ಮುಚ್ಚುತ್ತದೆ. ಹೊಸ ಉಪ್ಪು ಮನೆಗೆ ಬಂದರೆ ಅದನ್ನು ತೊಳೆಯುವುದೂ ಈ ಮರ್ಯಾದೆಯಲ್ಲೇ ಸೇರಿದ್ದು. ಬಿದಿರ ಕುಕ್ಕೆಗೆ ಸುರಿದು, ಮೇಲೆ ಎರಡು ತಂಬಿಗೆ ನೀರು ಹುಯ್ದು, ಕುಲುಕಿ, ಸೋರಲು ಬಿಟ್ಟು, ಹಳೇ ಸೀರೆಯ ಮೇಲೆ ಬಿಸಿಲಲ್ಲಿ ಹರಡಿ, ಗರಿಗರಿಯಾದ ಮೇಲೆ ಜಾಡಿಗೆ ತುಂಬುವುದು. ನಮ್ಮವ್ವ ಹೀಗೇ ಮಾಡುತ್ತಿದ್ದಳು. ಅವಳ ಕಾಲದ ಉಪ್ಪಿನಲ್ಲಿ ಹುಲ್ಲು, ಮಣ್ಣು, ಗೋಣಿಯ ನಾರು ಎಲ್ಲ ಇರುತ್ತಿತ್ತು, ತೊಳೆಯದೆ ವಿಧಿಯಿರಲಿಲ್ಲ. ನನ್ನ ಹೆಂಡತಿಯೂ ಹಾಗೇ ಮಾಡುತ್ತಿದ್ದಳು. ಅಕ್ಕಿ ತೊಳೆಯುತ್ತೇವೆ, ಬೇಳೆ ತೊಳೆಯುತ್ತೇವೆ, ಉಪ್ಪಿಗೇನು ಬೇರೆ ನ್ಯಾಯ.

ನನಗೆ ಒಬ್ಬಳೇ ಮಗಳು. ಹೆಡತಲೆಗೆ ಕೊಟ್ಟಿದ್ದೇವೆ. ಅಳಿಯ ನಂಜನಗೂಡಿನ ಕಡೆ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾನೆ, ಶಿಫ್ಟಿಗೆ ಹೋಗಿ ಬರುತ್ತಾನೆ. ಮನೆಯ ಯಜಮಾನಿಕೆ ಎಲ್ಲ ನಮ್ಮ ಬೀಗಿತ್ತಿಯವರದು. ಅಂಥ ಚೊಕ್ಕಟದ ಹೆಂಗಸನ್ನು ನಾನು ಈ ಸೀಮೆಯಲ್ಲಿ ಕಂಡಿಲ್ಲ. ಚಪ್ಪಲಿ ಗೇಟಿನ ಆಚೆಗೇ ಉಳಿಯಬೇಕು. ಅಂಗಡಿಯಿಂದ ಬಂದ ತರಕಾರಿ, ಬಾಳೆಹಣ್ಣು, ತೆಂಗಿನಕಾಯಿ, ಎಲ್ಲಕ್ಕೂ ಸ್ನಾನ ಆದಮೇಲೆಯೇ ಒಳಗೆ ಪ್ರವೇಶ. ಬಿಟ್ಟರೆ ಸೋಪನ್ನೂ ತೊಳೆದು ಬಳಸುತ್ತಾರೆ ಎಂದು ನನ್ನ ಹೆಂಡತಿ ನಗುತ್ತಾಳೆ. ಬಾಯಿಯೂ ಅಷ್ಟೇ ಚುರುಕು. ಮದುವೆಯಾದ ಹೊಸದರಲ್ಲಿ ಒಂದು ಸಲ, ಊಟಕ್ಕೆ ಕೂತ ಪಂಕ್ತಿಯಲ್ಲೇ ಹೇಳಿದ್ದರು: "ನಮ್ ಬೀಗ್ರು ಒಂದ್ ಮೂಟೆ ಉಪ್ಪು ಕೊಟ್ರು, ಒಬ್ಳು ಮಗ್ಳು ಕೊಟ್ರು. ಉಪ್ಪು ಕರಗೋಯ್ತು, ಮಗ್ಳು ಉಳ್ಕಂಡವ್ಳೆ." ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಆಮೇಲೆ ಆ ಮನೆಯಲ್ಲಿ ಉಪ್ಪು ಕರಗಲು ಬಿಟ್ಟಿಲ್ಲ. ಜಾಡಿ ಖಾಲಿಯಾಗುವ ಮೊದಲೇ ಇನ್ನೊಂದು ಮೂಟೆ ಹೋಗಿ ಬೀಳುತ್ತಿತ್ತು. ಮಗಳ ಮನೆಯ ಸಾರಿನಲ್ಲಿ ನನ್ನ ಉಪ್ಪಿದೆ ಎನ್ನುವುದು ನನ್ನ ಹೆಮ್ಮೆ.

ಮಗಳು ಬಸುರಿ ಎಂದು ಗೊತ್ತಾಗಿ ಮೂರು ತಿಂಗಳು ತುಂಬಿದ ಮೇಲೆ ಒಂದು ದಿನ ಹೆಡತಲೆಗೆ ಹೋದೆ. ಆಟೋದಲ್ಲಿ ವ್ಯಾಪಾರದ ಮೂಟೆಗಳಿದ್ದವು, ಅವಳಿಗೆಂದು ಹೆಂಡತಿ ಕಟ್ಟಿಕೊಟ್ಟ ನಿಪ್ಪಟ್ಟು, ಉಪ್ಪಿನಕಾಯಿ ಇತ್ತು. ನಾನು ಜಗಲಿಯ ಮೇಲೆ ಕೂತು ನೀರು ಕುಡಿಯುವ ಹೊತ್ತಿಗೆ ಊರಿನ ಆಶಾ ಕಾರ್ಯಕರ್ತೆ ಬಂದರು. ಅದೇ ಊರಿನ ಸೊಸೆ, ಬಾಯಿ ತುಂಬಾ ಮಾತು, ಹೆಗಲಲ್ಲಿ ಒಂದು ಬ್ಯಾಗು. ಮಗಳ ತೂಕ ಕೇಳಿದರು, ಮಾತ್ರೆ ಕೇಳಿದರು. ಕೊನೆಗೆ ಬ್ಯಾಗಿನಿಂದ ಕಣ್ಣಿಗೆ ಹಾಕುವ ಔಷಧಿಯಂಥ ಪುಟ್ಟ ಬಾಟಲಿ ತೆಗೆದರು.

"ಅಡಿಗೆ ಉಪ್ಪು ವಸಿ ತತ್ತೀಯೇನವ್ವ?"

ಮಗಳು ಜಾಡಿಯಿಂದ ಒಂದು ಚಿಟಿಕೆ ತಂದು ತಟ್ಟೆಯಲ್ಲಿಟ್ಟಳು. ಆಶಾ ಒಂದು ತೊಟ್ಟು ಬಿಟ್ಟರು. ಉಪ್ಪು ಉಪ್ಪಿನ ಹಾಗೇ ಬೆಳ್ಳಗೆ ಇತ್ತು. ಇನ್ನೊಂದು ತೊಟ್ಟು ಬಿಟ್ಟರು. ಆಗಲೂ ಹಾಗೇ.

"ಇದ್ರಲ್ಲಿ ಅಯೋಡಿನ್ ಇಲ್ವಲ್ಲ ಅಕ್ಕ. ಇದ್ದಿದ್ರೆ ನೇರಳೆ ಹಣ್ಣಿನ ಬಣ್ಣ ಬರ್ಬೇಕಾಗಿತ್ತು."

ಬೀಗಿತ್ತಿಯವರು ಉಪ್ಪನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ಬೀಗ್ರೆ, ಕೇಳುಸ್ತಾ?"

"ಅಂಗಾಗಕ್ಕಿಲ್ಲ," ಎಂದೆ. "ಚೀಲದ ಮೇಲೆ ನಗೋ ಸೂರ್ಯ ಅವ್ನೆ."

"ಸೂರ್ಯ ಚೀಲದ ಮ್ಯಾಲವ್ನೆ, ಒಳಗೇನೂ ಇಲ್ಲ. ಅವ್ನು ನಗ್ತಾ ಇರೋದು ನಮ್ಮುನ್ನ ನೋಡಿಯೇ ಇರ್ಬೇಕು."

ಎದ್ದು ಹೋಗಿಬಿಡೋಣ ಎನಿಸಿತು. ಆದರೆ ಮಗಳು ಬಾಗಿಲಲ್ಲಿ ನಿಂತು ಆಶಾ ಕಡೆಯೇ ನೋಡುತ್ತಿದ್ದಳು. "ಇಲ್ದೆ ಇದ್ರೆ ಏನಾಗ್ತದೆ ಅಕ್ಕ?" ಎಂದು ಕೇಳಿದಳು.

ಆಶಾ ತಮ್ಮ ಗಂಟಲ ಬುಡ ಮುಟ್ಟಿ ತೋರಿಸಿದರು. ಅಲ್ಲಿ ಚಿಟ್ಟೆಯ ಆಕಾರದ ಒಂದು ಗ್ರಂಥಿ ಇದೆಯಂತೆ, ಥೈರಾಯ್ಡ್. ಮೈಯ ಒಲೆ ಹದವಾಗಿ ಉರಿಯುವಂತೆ ನೋಡಿಕೊಳ್ಳುವುದು ಅದೇ. ಅದಕ್ಕೆ ಅಯೋಡಿನ್ ಬೇಕು. ಸಿಗದೇ ಹೋದರೆ ಗಂಟಲು ಊದುತ್ತದೆ, ಮೈ ಜಡವಾಗುತ್ತದೆ. ಹೊಟ್ಟೆಯಲ್ಲಿ ಮಗು ಇದ್ದರೆ ಅದರ ಮೆದುಳು ಬೆಳೆಯುವುದಕ್ಕೂ ತಾಯಿಯ ಪಾಲಿನಿಂದಲೇ ಸಿಗಬೇಕು. ಆರೋಗ್ಯವಾಗಿರುವ ದೊಡ್ಡ ಹೆಂಗಸಿಗೆ ದಿನಕ್ಕೆ ನೂರೈವತ್ತು ಮೈಕ್ರೋಗ್ರಾಂ ಇದ್ದರೆ ಸಾಕು, ಬಸುರಿಗೆ ಮತ್ತು ಹಾಲುಣಿಸುವ ತಾಯಿಗೆ ಇನ್ನೂರೈವತ್ತರ ಹತ್ತಿರ ಬೇಕು ಎಂದರು.

ಮಗಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಅದನ್ನು ನೋಡಿದ ಮೇಲೆ ಬೀಗಿತ್ತಿಯವರ ಮಾತಿನ ಉರಿ ನನಗೆ ಅಷ್ಟಾಗಿ ತಾಗಲಿಲ್ಲ. ಅವಳಿಗೆ ಬೇಕಾದ್ದು ನನ್ನ ಉಪ್ಪಿನಲ್ಲಿ ಉಂಟೋ ಇಲ್ಲವೋ, ಅದು ಇತ್ಯರ್ಥವಾಗದೆ ಆ ಜಗಲಿಯಿಂದ ಏಳುವುದಿಲ್ಲ ಎಂದುಕೊಂಡೆ.

"ಮೈಕ್ರೋ ಅಂದ್ರೆ ಎಷ್ಟವ್ವ?" ಎಂದು ಕೇಳಿದೆ. "ನನ್ ತಕ್ಕಡಿ ಐದು ಗ್ರಾಮಿಗಿಂತ ಕೆಳಕ್ಕೆ ಬಾಯೇ ಬುಡಲ್ಲ."

"ಒಂದು ಗ್ರಾಮನ್ನ ಹತ್ತು ಲಕ್ಷ ಪಾಲು ಮಾಡಣ್ಣ. ಅದ್ರಲ್ಲಿ ಒಂದು ಪಾಲು."

"ಅಂಥವು ನೂರೈವತ್ತಾ?"

"ನೂರೈವತ್ತೇ. ಹುಟ್ಟಿದಾಗಿಂದ ಸಾಯೋಗಂಟ ಒಬ್ಬ ಮನುಷ್ಯಂಗೆ ಬೇಕಾಗೋದೆಲ್ಲ ಕೂಡಿಟ್ರೂ ಒಂದು ಟೀ ಚಮಚ ಆಗ್ತದೆ, ಅಷ್ಟೇ."

ಜೀವಮಾನವೆಲ್ಲ ಕ್ವಿಂಟಾಲು ಲೆಕ್ಕದಲ್ಲಿ ಉಪ್ಪು ಹೊತ್ತ ನನಗೆ ಈ ಟೀ ಚಮಚ ಅವಮಾನ ಮಾಡಿದ ಹಾಗಾಯಿತು. "ಗಂಡಸ್ರಿಗೆ?" ಎಂದೆ.

"ಅವ್ರಿಗೂ ನೂರೈವತ್ತೇ."

"ಮೂಟೆ ಹೊರೋನಿಗೂ?"

"ಮೂಟೆ ಹೊರೋನಿಗೂ ಅಷ್ಟೇ, ಮೂಟೆ ಮೇಲೆ ಕೂತು ಬೀಡಿ ಸೇದೋನಿಗೂ ಅಷ್ಟೇ."

ಬೀಗಿತ್ತಿಯವರಿಗೆ ಈ ಮಾತು ಬಹಳ ಹಿಡಿಸಿತು. "ಒಂದು ಚಮಚ ತಾನೆ," ಎಂದರು. "ಒಂದೇ ದಪ ಕುಡುಸ್ಬುಡು ಅತ್ಲಾಗೆ. ದಿನಾ ಇದೇ ತಾಪತ್ರಯ ಯಾಕೆ?"

"ಅಂಗೆ ಮಾಡಂಗಿಲ್ಲ ಅಕ್ಕ. ದಿನಾ ಚೂರುಚೂರು ಓಗ್ಬೇಕು. ಒಂದೇ ಸಲ ಜಾಸ್ತಿ ಓದ್ರೂ ತೊಂದ್ರೆನೇ."

"ಅಂಗಾರೆ ಸಾರಿಗೆ ಇನ್ನೊಂದ್ ಇಡಿ ಉಪ್ಪು ಆಕ್ತೀನಿ."

"ಆಮೇಲೆ ಬಿಪಿಗೆ ಮಾತ್ರೆ ನಾನೇ ತಂದುಕೊಡ್ಬೇಕಾಗ್ತದೆ. ಉಪ್ಪು ಕಮ್ಮೀನೇ ಇರ್ಲಿ, ಅಯೋಡಿನ್ ಇರೋದಾಗಿರ್ಲಿ. ಆಲು, ಮೊಸ್ರು, ಮೊಟ್ಟೆ, ಸಮುದ್ರದ ಮೀನಲ್ಲೂ ವಸಿ ಸಿಕ್ತದೆ. ಆದ್ರೆ ದಿನಾ ನಂಬ್ಕಳಕ್ಕೆ ಆಗೋದು ಉಪ್ಪೇ."

ಅದೂ ನಿಜ. ನಮ್ಮ ಕಡೆ ಮುದ್ದೆಗೆ ಉಪ್ಪು ಹಾಕುವುದಿಲ್ಲ. ಹೊಟ್ಟೆಗೆ ಹೋಗುವ ಉಪ್ಪೆಲ್ಲ ಸಾರಿನಿಂದಲೇ ಹೋಗಬೇಕು. ಆ ಸಾರಿನ ಉಪ್ಪೇ ಬರಿದಾಗಿದ್ದರೆ ಮಗಳಿಗೆ ಬೇರೆ ಎಲ್ಲಿಂದ ಬರಬೇಕು.

ನಾನು ಆಟೋ ಹತ್ತಿರ ಹೋಗಿ, ಹೊಲಿಗೆ ಬಿಚ್ಚದ ಒಂದು ಮೂಟೆಯನ್ನು ಹೆಗಲ ಮೇಲೆ ತಂದು ಅಂಗಳದಲ್ಲಿ ಇಳಿಸಿದೆ. ಈ ವಯಸ್ಸಿಗೆ ಅದನ್ನು ಕೈಗಾಡಿಯಲ್ಲಿ ತರಬಹುದಿತ್ತು. ಆದರೆ ಬೀಗಿತ್ತಿಯವರು ನೋಡುತ್ತಿದ್ದರು. ಎಲ್ಲರ ಕಣ್ಣೆದುರಿಗೆ ದಾರ ಎಳೆದು ಒಂದು ಹಿಡಿ ತಟ್ಟೆಗೆ ಸುರಿದೆ. "ಈಗ ಬುಡವ್ವ ತೊಟ್ಟು."

ತೊಟ್ಟು ಬಿದ್ದ ಜಾಗದಲ್ಲಿ ಉಪ್ಪು ಮೊದಲು ತಿಳಿನೀಲಿಯಾಯಿತು. ನೋಡುತ್ತಿದ್ದಂತೆ ಮಕ್ಕಳು ನೇರಳೆ ಹಣ್ಣು ತಿಂದು ನಾಲಿಗೆ ಚಾಚಿದ ಬಣ್ಣ ಬಂತು. ನಾನು ಮೀಸೆ ತಿರುವಿಕೊಂಡೆ. ಗೆದ್ದೆ ಎಂದುಕೊಂಡೆ.

"ಓಹೋ," ಎಂದರು ಬೀಗಿತ್ತಿ. "ಊರ್ನೋರ್ಗೆ ಒಳ್ಳೆ ಮೂಟೆ, ಬೀಗ್ರ ಮನೆಗೆ ಉಳ್ದಿದ್ದು ಬಳ್ದಿದ್ದು."

"ಅಕ್ಕ, ಆ ಮಾತು ಆಡ್ಬ್ಯಾಡಿ. ನೀವೇ ದನಕ್ಕೆ ಆಕೋ ಉಪ್ಪು ಏನಾರ ಜಾಡಿಗೆ ಬೆರ್ಸಿದ್ದೀರಾ ನೋಡಿ."

ಇದನ್ನು ಹೇಳಬಾರದಿತ್ತು ಎಂದು ಬಾಯಿಂದ ಹೊರಗೆ ಬಂದ ಕ್ಷಣವೇ ಗೊತ್ತಾಯಿತು. ಆ ಹೆಂಗಸು ನಿಧಾನವಾಗಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಮಗಳು, "ಅಪ್ಪ, ಸುಮ್ನಿರಪ್ಪ," ಎಂದಳು. ಒಳಗೆ ಹೋಗಿ ಹಿಂದಿನ ಮೂಟೆಯ ಖಾಲಿ ಚೀಲ ತಂದು ಹೊಸದರ ಪಕ್ಕ ಹಾಸಿದಳು. ಒಂದೇ ಕಂಪನಿ, ಒಂದೇ ಗುರುತು, ಒಂದೇ ಲಾರಿಯ ಸರಕು. ಎರಡು ಸೂರ್ಯರೂ ಅಕ್ಕಪಕ್ಕ ಮಲಗಿ ನಗುತ್ತಿದ್ದರು. ಒಂದರ ಉಪ್ಪಿಗೆ ಬಣ್ಣ ಬಂದಿದೆ, ಇನ್ನೊಂದರದಕ್ಕೆ ಇಲ್ಲ. ಆಶಾ ಬಾಟಲಿಯನ್ನೇ ಅಲ್ಲಾಡಿಸಿ ನೋಡಿದರು. ಅವರಿಗೂ ತಿಳಿಯಲಿಲ್ಲ.

"ದನದ ಉಪ್ಪು ಬೆರುಸ್ತೀವಂತೆ," ಎಂದು ಬೀಗಿತ್ತಿಯವರು ಗೋಡೆಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು. "ಬನ್ನಿ ಬೀಗ್ರೆ ಇತ್ಲಾಗಿ. ನಮ್ಮನೇಲಿ ಉಪ್ಪು ಎಂಗಿಡ್ತೀವಿ ಅಂತ ನಿಮ್ ಕಣ್ಣಾರೆ ನೋಡ್ಬುಡಿ."

ಎಲ್ಲರೂ ಹಿತ್ತಲಿಗೆ ನಡೆದೆವು. ಬೀಗಿತ್ತಿಯವರು ನನ್ನ ಹೊಸ ಮೂಟೆಯಿಂದಲೇ ಅರ್ಧ ಕುಕ್ಕೆ ಉಪ್ಪು ತುಂಬಿಕೊಂಡು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟರು. ಕಲ್ಲನ್ನು ಮೊದಲೇ ತೊಳೆದಿದ್ದರು ಎಂದು ಬೇರೆ ಹೇಳಬೇಕಾಗಿಲ್ಲ. ಒಂದು ತಂಬಿಗೆ ನೀರು ಹುಯ್ದರು, ಕುಲುಕಿದರು. ಇನ್ನೊಂದು ಹುಯ್ದರು, ಕುಲುಕಿದರು. ಮೂರನೆಯದೂ ಆಯಿತು. ಕೆಳಗೆ ಬೇಸಿನ್ನಿನಲ್ಲಿ ನಿಂತ ನೀರು ಗಾಜಿನಂತೆ ತಿಳಿಯಾಗಿತ್ತು. ಜಗಳದ ನಡುವೆಯೂ ನನಗೆ ಸಂತೋಷವಾಯಿತು.

"ನೋಡಿ ಅಕ್ಕ, ಮೊಕ ಕಾಣ್ತದೆ," ಎಂದೆ.

"ಕಾಣ್ತದೆ. ನಿಮ್ ಮೊಕನೂ ಕಾಣ್ತದೆ, ನಿಮ್ ಕ್ವಾಪನೂ ಕಾಣ್ತದೆ."

ಬೇಸಿನ್ನಿನ ನೀರನ್ನು ಎತ್ತಿ ಪಕ್ಕದ ತೆಂಗಿನ ಮರದ ಬುಡಕ್ಕೆ ಚೆಲ್ಲಿದರು. ತೆಂಗಿಗೆ ಉಪ್ಪುನೀರು ಒಳ್ಳೆಯದು, ವ್ಯರ್ಥ ಮಾಡುವ ಹೆಂಗಸಲ್ಲ ಅವರು. ಆಶಾ ಮಾತ್ರ ಆ ನೀರು ಹೋದ ದಾರಿಯನ್ನೇ ನೋಡುತ್ತಾ ನಿಂತರು. ಆಮೇಲೆ ಕುಕ್ಕೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಒಂದು ಚಿಟಿಕೆ ಒದ್ದೆ ಉಪ್ಪು ತಟ್ಟೆಗೆ ಹಾಕಿ ತೊಟ್ಟು ಬಿಟ್ಟರು.

ಬೆಳ್ಳಗೆ. ಹಾಲಿನ ಹಾಗೆ ಬೆಳ್ಳಗೆ.

ಇದೇ ಉಪ್ಪು ಒಂದು ಗಳಿಗೆ ಹಿಂದೆ ನೇರಳೆಯಾಗಿತ್ತು.

"ತೊಳ್ದಿದ್ಕೇ ಓಯ್ತು," ಎಂದರು ಆಶಾ, ತಮಗೆ ತಾವೇ ಹೇಳಿಕೊಳ್ಳುವವರಂತೆ. "ಕಲ್ಲುಪ್ಪಿಗೆ ಅದನ್ನ ಮೇಲ್ಗಡೆ ಸಿಂಪಡ್ಸಿರ್ತಾರೆ. ನೀರು ಬಿದ್ದೇಟ್ಗೆ ಮೊದ್ಲು ಓಗೋದು ಅದೇ. ನಾನು ಮನೆಮನೆಗೂ ಓಗಿ ಯಾವ ಉಪ್ಪು ತತ್ತೀರಾ ಅಂತ ಕೇಳ್ತೀನಿ. ತಂದು ಏನ್ಮಾಡ್ತೀರಾ ಅಂತ ಒಂದಿನಾನೂ ಕೇಳ್ಲಿಲ್ಲ. ನಮ್ಮತ್ತೆನೂ ಇಂಗೇ ತೊಳೀತಾರೆ."

ನಾನು ತೆಂಗಿನ ಮರವನ್ನು ತಲೆಯೆತ್ತಿ ನೋಡಿದೆ. ಬುಡ ಗಟ್ಟಿ, ಗೊನೆ ತುಂಬಾ ಕಾಯಿ. ಇಷ್ಟು ದಿನ ನಾನು ಹೆಗಲ ಮೇಲೆ ಹೊತ್ತು ತಂದ ಮಗಳ ಪಾಲನ್ನೆಲ್ಲ ಈ ಮರ ಕುಡಿದು ನಿಂತಿತ್ತು.

"ಈ ಮರಕ್ಕೆ ಮಾತ್ರ ಥೈರಾಯ್ಡ್ ಬರಕ್ಕಿಲ್ಲ ಬುಡಿ," ಎಂದೆ.

ಮೊದಲು ನಕ್ಕವಳು ಮಗಳು. ಆಮೇಲೆ ಆಶಾ. ಬೀಗಿತ್ತಿಯವರು ನಗಲಿಲ್ಲ. ಅವರಿಗೆ ಅದು ನಗುವ ವಿಷಯವೇ ಅಲ್ಲ. "ತೊಳೀದೆ ಎಂಗವ್ವ ತಿನ್ನದು?" ಎಂದರು. ಅವರ ದನಿ ಮೊದಲ ಸಲ ತಗ್ಗಿತ್ತು. "ಉಪ್ಪಿನ ಗದ್ದೇಲಿ ಕಾಲಲ್ಲಿ ತುಳ್ದಿರ್ತಾರೆ. ಲಾರೀಲಿ ಅದ್ರ ಮ್ಯಾಲೇ ಮಲ್ಗಿರ್ತಾರೆ. ನಮ್ಮತ್ತೆ ಈ ಮನೆಗೆ ತುಂಬುಸ್ಕಂಡ ದಿನ ನಂಗೆ ಹೇಳ್ಕೊಟ್ಟ ಮೊದ್ಲನೇ ಕೆಲ್ಸ ಇದು. ಬಸ್ರಿ ಹೆಂಗ್ಸಿಗೆ ಕೊಳಕು ಉಪ್ಪು ಬಡ್ಸು ಅಂತೀಯಾ?"

"ಪ್ಯಾಕೆಟ್ ಪುಡಿ ಉಪ್ಪು ತನ್ನಿ ಅಕ್ಕ. ತೊಳೆಯೋ ಮಾತೇ ಇಲ್ಲ," ಎಂದರು ಆಶಾ.

"ಉಪ್ಪೆಸ್ರು ಸಾರಿಗೆ ಪುಡಿ ಉಪ್ಪಾ?" ಎಂದರು ಬೀಗಿತ್ತಿ.

"ಪುಡಿ ಉಪ್ಪಾ?" ಎಂದೆ ನಾನೂ, ಅವರ ಜೊತೆಯಲ್ಲೇ.

ಮಗಳ ಮದುವೆಯಾದಾಗಿನಿಂದ ನಾವಿಬ್ಬರೂ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು. ಆಶಾ ಇಬ್ಬರ ಮುಖವನ್ನೂ ನೋಡಿ ಬ್ಯಾಗಿನ ಜಿಪ್ಪು ಎಳೆದರು. "ಯಾವ್ದಾದ್ರೂ ತಿನ್ನಿ, ಬಣ್ಣ ಬಂದ್ರೆ ಸಾಕು ನಂಗೆ. ಬೇಗ ತೀರ್ಮಾನ ಮಾಡಿ. ನಿಮ್ ಪಂಚಾಯ್ತಿ ಮುಗಿಯೋಗಂಟ ಒಟ್ಟೇಲಿರೋ ಮಗ ಕಾಯಕ್ಕಿಲ್ಲ," ಎಂದು ಹೇಳಿ ಮುಂದಿನ ಮನೆಗೆ ಹೋದರು.

ಅವರು ಹೋದ ಮೇಲೆ ಹಿತ್ತಲಲ್ಲಿ ನಾವು ಮೂವರೇ. ಮಗಳು ಯಾರ ಪರವೂ ಮಾತಾಡುವ ಹಾಗಿಲ್ಲ. ಅತ್ತೆ ಒಂದು ಕಡೆ, ಅಪ್ಪ ಒಂದು ಕಡೆ, ನಡುವೆ ಒದ್ದೆ ಉಪ್ಪಿನ ಕುಕ್ಕೆ. ನನಗೆ ಬೀಗಿತ್ತಿಯವರ ಸಂಕಟ ಅರ್ಥವಾಯಿತು. ಅವರು ಹಟಕ್ಕೆ ತೊಳೆಯುತ್ತಿರಲಿಲ್ಲ. ನನ್ನ ಮಗಳ ತಟ್ಟೆಗೆ ಒಂದು ಚೂರೂ ಕಸ ಬೀಳಬಾರದು ಎಂದು ತೊಳೆಯುತ್ತಿದ್ದರು. ಅಂಥ ಮನೆಗೆ ಮಗಳನ್ನು ಕೊಟ್ಟದ್ದಕ್ಕೆ ಒಳಗೊಳಗೇ ಬೀಗುತ್ತಿದ್ದವನು ನಾನೇ ಅಲ್ಲವೇ.

"ಅಕ್ಕ," ಎಂದೆ. "ನೀರು ಮುಟ್ಟುಸ್ದೆ ನಾನೇ ಆರ್ಸಿ ತಂದ್ಕೊಟ್ರೆ? ಅಕ್ಕೀಲಿ ಕಲ್ಲು ಆರುಸ್ದಂಗೆ. ಒಂದ್ ಕಸ ಇರ್ದಂಗೆ. ಆಗ ತೊಳೀದೆ ಬಳುಸ್ತೀರಾ?"

ಅವರು ನನ್ನ ಕೈಗಳನ್ನು ನೋಡಿದರು. "ನೀವಾ? ಮೊರ ಇಡ್ಕಂಡಾ?"

"ಊಂ."

"ಬೀಗ್ರು ಆರ್ಸಿದ ಉಪ್ಪ ತೊಳುದ್ರೆ ನನ್ನ ಮನುಷ್ಯಳು ಅಂತಾರಾ," ಎಂದು ಒದ್ದೆ ಕುಕ್ಕೆ ಎತ್ತಿಕೊಂಡು ಒಳಗೆ ಹೋದರು. ಒಪ್ಪಿದರು ಎಂದು ಮಗಳು ಕಣ್ಣಲ್ಲೇ ಹೇಳಿದಳು.

ಮೂಟೆ ಹೊರುವುದು ಸುಲಭ. ಉಪ್ಪು ಆರಿಸುವುದು ಎಂಥ ಕೆಲಸ ಎಂದು ಮಾರನೇ ದಿನ ನರಸೀಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಗೊತ್ತಾಯಿತು. ಬೆರಳ ತುದಿಯಲ್ಲಿ ಸಣ್ಣ ಗಾಯವಿದ್ದರೆ ಉಪ್ಪು ಹುಡುಕಿಕೊಂಡು ಹೋಗಿ ಕೂರುತ್ತದೆ. ಹೆಂಡತಿ ಕಂಬಕ್ಕೆ ಒರಗಿ ನಿಂತು, "ಹೆಣ್ಣು ನೋಡಕ್ಕೆ ಬಂದೋರ್ ಮುಂದೆ ಕೂತಂಗೆ ಕೂತವ್ರೆ ನೋಡು," ಎಂದು ನಕ್ಕಳು. ನಕ್ಕು ನಕ್ಕು ಆಮೇಲೆ ಇನ್ನೊಂದು ಮೊರ ತಂದು ಎದುರಿಗೆ ತಾನೂ ಕೂತಳು. ಗೋಣಿಯ ನಾರು, ಕಪ್ಪು ಹರಳು, ಸಣ್ಣ ಕಡ್ಡಿ, ಎಲ್ಲ ತೆಗೆದೆವು. ಬಿಸಿಲಿಗೆ ಹಾಕಲಿಲ್ಲ, ನೀರು ತಾಕಿಸಲಿಲ್ಲ, ಗಾಳಿಯಾಡದ ಮುಚ್ಚಳದ ಡಬ್ಬಿಗೆ ತುಂಬಿದೆವು. ನಮ್ಮ ಮನೆಯ ಕುಕ್ಕೆಯನ್ನೂ ಅವತ್ತೇ ಅಟ್ಟದ ಮೇಲೆ ಹಾಕಿದಳು. "ನಂಗೂ ದಿನಾ ನೂರೈವತ್ತು ಬೇಕಂತಲ್ಲ," ಎಂದಳು. "ಇಷ್ಟು ವರ್ಷ ಉಪ್ಪಿನ ಸಾವ್ಕಾರನ್ನ ಕಟ್ಕಂಡು ಅದೂ ಸಿಗ್ಲಿಲ್ಲ."

ಡಬ್ಬಿ ಹೆಡತಲೆಗೆ ಹೋಯಿತು. ಬೀಗಿತ್ತಿಯವರು ಅದನ್ನು ಅಂಗಳದ ಬೆಳಕಿಗೆ ತಂದು, ದೊಡ್ಡ ತಟ್ಟೆಗೆ ಸುರಿದು, ಕನ್ನಡಕ ಹಾಕಿಕೊಂಡು ನೋಡಿದರು. ನಾನು ಪರೀಕ್ಷೆ ಬರೆದ ಹುಡುಗನ ಹಾಗೆ ಪಕ್ಕದಲ್ಲಿ ನಿಂತಿದ್ದೆ. ಸ್ಕೂಲಲ್ಲಿ ಕೂಡ ಹೀಗೆ ನಿಂತವನಲ್ಲ. ಕೊನೆಗೆ ಅವರ ಬೆರಳು ಒಂದು ಕರೀ ಚುಕ್ಕೆಯ ಮೇಲೆ ನಿಂತಿತು.

"ಇದೇನು ಬೀಗ್ರೆ?"

"ದೃಷ್ಟಿಬೊಟ್ಟು ಅಕ್ಕ. ಅಷ್ಟು ಸಂದಾಕಿರೋ ಉಪ್ಪಿಗೆ ಕಣ್ಣಾಗ್ಬಾರ್ದಲ್ಲ."

ಬೀಗಿತ್ತಿಯವರು ನಕ್ಕರು. ಬಾಯಿಗೆ ಸೆರಗು ಹಿಡಿದುಕೊಂಡು, ಭುಜ ಕುಲುಕುವಂತೆ ನಕ್ಕರು. ಚುಕ್ಕೆಯನ್ನು ಉಗುರಿನಿಂದ ತೆಗೆದು ಎಸೆದು, ಉಳಿದದ್ದನ್ನು ನೀರು ತೋರಿಸದೆ ಜಾಡಿಗೆ ತುಂಬಿ ಮುಚ್ಚಳ ಹಾಕಿದರು.

ಮನೆಯ ಜಗಳ ಅಲ್ಲಿಗೆ ಮುಗಿಯಿತು, ಬೀದಿಯದು ಶುರುವಾಯಿತು. ಮಗಳಿಗೆ ಒಂದು, ಊರಿನ ಹೆಣ್ಣುಮಕ್ಕಳಿಗೆ ಒಂದು ಎನ್ನುವವನು ನಾನಲ್ಲ. ಮೈಕಿಗೆ ಹೊಸದಾಗಿ ದನಿ ಹಾಕಿದೆ. ಉಪ್ಪು ತೊಳೆಯಬೇಡಿ, ಮುಚ್ಚಿಡಿ, ಇದ್ದಂಗೇ ಬಳಸಿ ಎಂದು ಕೂಗಿಸಿದೆ. ಹದಿನಾರಿನಲ್ಲಿ ಒಬ್ಬ ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಪೂರ್ತಿ ಕೇಳಿಸಿಕೊಂಡು ಪಕ್ಕದವಳಿಗೆ ಹೇಳಿತು: "ಈ ಸಲ ಮಣ್ಣು ಬೆರ್ಸವ್ನೆ ಕಣೇ. ತೊಳುದ್ರೆ ಗೊತ್ತಾಯ್ತದೆ ಅಂತ ಈಗ್ಲೇ ಮೈಕಲ್ಲಿ ಕೂಗುಸ್ತಾವ್ನೆ." ಯಾವ ನೀರಿನಿಂದ ನನಗೆ ಹೆಸರು ಬಂದಿತ್ತೋ ಆ ನೀರನ್ನೇ ಬೇಡ ಎಂದರೆ ಯಾರು ನಂಬುತ್ತಾರೆ. ಕೆಲವು ಬೀದಿಗಳಲ್ಲಿ ಕುಕ್ಕೆಗಳು ಹೊರಗೆ ಬರುವುದೇ ನಿಂತವು. ನಾನು ಬಾಯಿ ಜೋರು ಮಾಡಲಿಲ್ಲ. ಹೆಂಡತಿಯೂ ನಾನೂ ಸೇರಿ ಪ್ರತಿ ಮೂಟೆಯನ್ನೂ ಮನೆಯಲ್ಲೇ ಜರಡಿ ಹಿಡಿದು, ಆರಿಸಿ, ಆಮೇಲೆ ಆಟೋಕ್ಕೆ ಹಾಕತೊಡಗಿದೆವು. ಬೀದಿಯಲ್ಲಿ ಮೂಟೆ ಬಿಚ್ಚಿ, ಬಿಳಿ ಬಟ್ಟೆಯ ಮೇಲೆ ಸುರಿದು, ನೀವೇ ಕಸ ಹುಡುಕಿ ಎನ್ನುತ್ತಿದ್ದೆ. ಹುಡುಕುವ ನೆಪದಲ್ಲಿ ಹತ್ತಿರ ಬಂದವರು ಒಬ್ಬೊಬ್ಬರಾಗಿ ಕೊಂಡರು. ಅನುಮಾನದ ಅಜ್ಜಿಯೂ ಕೊಂಡಿತು. ಮನೆಗೆ ಹೋಗಿ ತೊಳೆಯಿತೋ ಇಲ್ಲವೋ, ನಾನು ಹಿಂದೆ ಹೋಗಿ ನೋಡಲಿಲ್ಲ.

ಆಶಾ 'ಪರೀಕ್ಷೆ' ಎಂದು ಮತ್ತೆ ಹೆಡತಲೆಯ ಮನೆಗೆ ಹೋದ ದಿನ ನಾನು ಅಲ್ಲಿರಲಿಲ್ಲ. ಮುಡುಕುತೊರೆ ಹತ್ತಿರ ಆಟೋ ನಿಲ್ಲಿಸಿದ್ದಾಗ ಮಗಳ ಫೋನು ಬಂತು. ಮಾತಾಡಿದ್ದು ಮಾತ್ರ ಬೀಗಿತ್ತಿ.

"ಬೀಗ್ರೆ, ಜಾಡಿ ಉಪ್ಪು ನೇರಳೆ ಆಯ್ತು."

"ಆಯ್ತಾ?"

"ಕರ್ರಗೆ ಆಯ್ತು ಅನ್ನಿ. ನಿಮ್ ಮಗ್ಳು ಒಳ್ಳೆ ಚಿನ್ನ ಸಿಕ್ದಂಗೆ ಕುಣೀತಾವ್ಳೆ, ಈ ಒಟ್ಟೆ ಇಟ್ಕಂಡು. ನೀವೇ ಬುದ್ಧಿ ಯೇಳಿ." ಆಮೇಲೆ, "ತೆಂಗಿನ ಮರಕ್ಕೆ ಕಾಯಿ ಕಮ್ಮಿ ಆದ್ರೆ ಮಾತ್ರ ಜವಾಬ್ದಾರಿ ನಿಮ್ದು," ಎಂದರು.

ಮೊಮ್ಮಗಳು ಹುಟ್ಟಿ ಈಗ ಕೂರುವುದು ಕಲಿತಿದ್ದಾಳೆ. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಟೀ ಕುಡಿಯುವಾಗ ಚಮಚ ಕೈಗೆ ಸಿಕ್ಕಿದರೆ ಒಂದು ಗಳಿಗೆ ನೋಡುತ್ತೇನೆ. ಇವಳ ಜೀವಮಾನಕ್ಕೆ ಬೇಕಾದ್ದು ಇಷ್ಟೇ ಇಷ್ಟು. ಆದರೆ ದಿನ ತಪ್ಪದೆ ಬೇಕು. ಚಮಚವನ್ನು ಅವಳು ಕಿತ್ತುಕೊಂಡು ಬಾಯಿಗೆ ಹಾಕಿಕೊಳ್ಳುತ್ತಾಳೆ, ಬೀಗಿತ್ತಿಯವರು ಅವಳಿಂದ ಕಿತ್ತುಕೊಂಡು ತೊಳೆದು ತರುತ್ತಾರೆ. ಚಮಚ ತೊಳೆಯಲು ನನ್ನ ಅಭ್ಯಂತರವಿಲ್ಲ.

ಮೊನ್ನೆ ಹೆಡತಲೆಯ ಬೀದಿಯಲ್ಲಿ ಆಟೋ ನಿಲ್ಲಿಸಿದ್ದೆ. ಮಗಳ ಎದುರು ಮನೆಯ ಹೆಂಗಸು ಕುಕ್ಕೆ ನೆಲಕ್ಕಿಟ್ಟು, ನಾನು ಸುರಿಯುತ್ತಿದ್ದಾಗ ಹಳೆಯ ಪ್ರೀತಿಯಿಂದಲೇ ಹೇಳಿದಳು: "ಏನೇ ಅನ್ನು ಅಣ್ಣ, ನಿನ್ ಉಪ್ಪು ತೊಳುದ್ರೆ ನೀರ್ನಲ್ಲಿ ಮೊಕ ಕಾಣ್ತದೆ."

ನಾನು ಬಾಯಿ ತೆರೆಯುವ ಮೊದಲೇ ನಮ್ಮ ಬೀಗಿತ್ತಿಯವರ ದನಿ ಗೇಟಿನ ಆಚೆಯಿಂದ ಬಂತು. ಕಂಕುಳಲ್ಲಿ ಮೊಮ್ಮಗಳು.

"ಯಾಕಮ್ಮಿ, ನಿಮ್ಮನೇಲಿ ಕನ್ನಡಿ ಇಲ್ವಾ?"